ಮೂರನೇ ಗಂಟೆ ಯಾರು ಹೊಡೀತಾರೆ?

(ವಿಡಿಯೋದಲ್ಲಿರುವ ಮಾತಿನ ಬರಹರೂಪ ಇದು. ಓದಲಿಕ್ಕೆ ಅನುಕೂಲವಾಗಲಿ ಎಂದು ಅಲ್ಲಲ್ಲಿ ವಾಕ್ಯಗಳನ್ನು ಸರಿಪಡಿಸಿದ್ದು ಬಿಟ್ಟರೆ, ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ನನ್ನ ಪರಿಚಯ ಮಾಡಿಕೊಡುವಾಗ ಇವರು 'ರಂಗಕರ್ಮಿ' ಅಂದ್ರು. ಆ ಮಾತು ಕೇಳಿದ ತಕ್ಷಣ ನಿಮ್ಮಲ್ಲಿ ಕೆಲವರು ನನ್ನ ಮುಖ ನೋಡಿ, ಈಕೆಯನ್ನ ಯಾವ ನಾಟಕದಲ್ಲಿ ನೋಡಿದ್ದೆ ಅಂತ ನೆನಪು ಮಾಡ್ಕೊಳ್ಳೋಕೆ ಶುರು ಮಾಡಿದ್ರಿ. ನನಗೆ ಇಲ್ಲಿಂದ ಕಾಣ್ತಾ ಇತ್ತು. ತ್ರಾಸ ತಗೋಬೇಡಿ. ನೋಡಿಲ್ಲ. ನೋಡಿದ್ರೆ ಅವತ್ತು ನನ್ನ ಕೆಲಸ ಕೆಟ್ಟಿತ್ತು ಅಂತ ಅರ್ಥ. (ನಗು)

ನಾನು ಸ್ಟೇಜ್ ಮ್ಯಾನೇಜರ್. ಕನ್ನಡದಲ್ಲಿ ರಂಗ ನಿರ್ವಹಣೆ ಅಂತಾರೆ. ನೀವು ಪುಣೆಯಲ್ಲಿ ಮರಾಠಿ ನಾಟಕಕ್ಕೆ ಹೋಗಿದ್ರೆ ನಿಮಗೆ ಗೊತ್ತಿರ್ತದೆ, ಇಲ್ಲಿ ನಾಟಕ ಶುರುವಾಗೋ ಮುಂಚೆ ಮೂರು ಸಲ ಗಂಟೆ ಹೊಡೀತಾರೆ. ಮೊದಲನೇ ಗಂಟೆಗೆ ಜನ ಇನ್ನೂ ಹೊರಗೆ ವಡೆ ತಿಂತಾ ಇರ್ತಾರೆ. ಎರಡನೇದಕ್ಕೆ ಚಹಾದ ಕಪ್ಪು ಕೆಳಗಿಟ್ಟು ಒಳಗೆ ಬರ್ತಾರೆ. 'ತಿಸರೀ ಘಂಟಾ' ಅಂದ್ರೆ ಮುಗೀತು, ದೀಪ ಆರ್ತದೆ, ಪರದೆ ಏಳ್ತದೆ. ಇಲ್ಲಿನ ನಾಟಕದವರಿಗೆ ಮೂರನೇ ಗಂಟೆ ಅನ್ನೋ ಮಾತು ಕೇಳಿದ್ರೇ ಮೈ ಜುಮ್ ಅನ್ನತ್ತೆ. ಆ ಗಂಟೆಯ ಗುಂಡಿ ಯಾರೋ ಒಬ್ರು ಒತ್ತಬೇಕಲ್ಲ? ನಟರೆಲ್ಲಾ ಬಂದಿದಾರಾ, ಒಬ್ಬಾತ ಬಚ್ಚಲಿಗೆ ಹೋದವನು ವಾಪಸ್ ಬಂದನಾ, ಮೇಜಿನ ಮೇಲೆ ಪತ್ರ ಇದೆಯಾ, ಲೈಟಿನವನು ಸೀಟಲ್ಲಿ ಕೂತಿದಾನಾ ಅಂತ ನೋಡಿ, ಸರಿ, ಹೊಡಿ ಅಂತ ಹೇಳೋರು ಯಾರೋ ಇರಬೇಕು. ಆ 'ಯಾರೋ' ನಾನು.

ಇಲ್ಲಿಗೆ ಹೇಗೆ ಬಂದೆ ಅಂತ ಹೇಳ್ತೀನಿ. ಆಸೆಪಟ್ಟು ಬಂದವಳಲ್ಲ ನಾನು.

ನಾನು ಧಾರವಾಡದವಳು. ಪಿಯುಸಿ ಮುಗಿದ ಮೇಲೆ 2013ರಲ್ಲಿ ಪುಣೆಗೆ ಬಿಕಾಂ ಓದೋಕೆ ಬಂದೆ. ನಮ್ಮ ಚಿಕ್ಕಪ್ಪನ ಮನೆ ಇಲ್ಲಿತ್ತು, ಅದೇ ಕಾರಣ. ಧಾರವಾಡದಲ್ಲಿ ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ಸ್ವಾರಗೇಟ್. ಅಜ್ಜಿ ಬೆಳಗಾವಿಯವಳು, ಹಾಗಾಗಿ ಮರಾಠಿ ನನಗೆ ಬರ್ತದೆ ಅಂತಲೇ ನನ್ನ ನಂಬಿಕೆ. ಕಾಲೇಜಿನ ನಾಟಕ ವಿಭಾಗದಲ್ಲಿ ಆಡಿಷನ್ ಇದೆ ಅಂದಾಗ ಜಂಬದಿಂದಲೇ ಹೋದೆ. ಒಂದು ಪುಟ ಓದೋಕೆ ಕೊಟ್ರು. ಅದರಲ್ಲಿ ಒಲೆ ಅನ್ನೋ ಅರ್ಥದ ಪದ ಇತ್ತು. ಬರೆಯೋದು 'ಚೂಲ್' ಅಂತ, ಆದರೆ ಹೇಳಬೇಕಾದದ್ದು 'ತ್ಸೂಲ್'. ಮರಾಠಿಯಲ್ಲಿ ಚ ಎರಡು ಥರ ಇದೆ, ಬರೆಯೋದು ಮಾತ್ರ ಒಂದೇ ಥರ. ನಾನು ನಮ್ಮ ಊರ ಚ ಹಾಕಿ ಗಟ್ಟಿಯಾಗಿ 'ಚೂಲ್' ಅಂದೆ. ಇಡೀ ಕೋಣೆ ನಕ್ಕಿತು. ಡೈರೆಕ್ಟ್ ಮಾಡ್ತಿದ್ದ ಸೀನಿಯರ್, ನಾವೆಲ್ಲಾ ಅವನನ್ನ ದಾದಾ ಅಂತಿದ್ವಿ, ಅವನು ನಗಲಿಲ್ಲ. 'ತೂ ಬ್ಯಾಕ್‌ಸ್ಟೇಜ್‌ಲಾ ಯೇ' ಅಂದ. ನೀನು ಬ್ಯಾಕ್‌ಸ್ಟೇಜಿಗೆ ಬಾ ಅಂತ.

ಅವತ್ತು ರಾತ್ರಿ ಫೋನಲ್ಲಿ ಅಪ್ಪ ಕೇಳಿದ್ರು, 'ಏನವಾ, ನಾಟಕದಾಗ ನಿಂದು ಯಾವ ಪಾರ್ಟು?'

'ಪಾರ್ಟ್ ಇಲ್ಲಪ್ಪಾ.'

'ಮತ್ತೇನ್ ಮಾಡ್ತಿ ಅಲ್ಲಿ?'

'ಸಾಮಾನು ಇಡೋದು, ತಗಿಯೋದು.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದನ್ನ ಮಾಡಾಕ ಪುಣೆತನಕ ಹೋಗಬೇಕಿತ್ತೇನವಾ?' ಅಂದ್ರು. (ನಗು)

ಅಪ್ಪನಿಗೂ ಆಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಪುಣೆಯಲ್ಲಿ ಕಾಲೇಜು ನಾಟಕ ಅಂದ್ರೆ ಎಂಥ ದೊಡ್ಡ ವಿಷಯ ಅಂತ. ಇಲ್ಲಿ ಪುರುಷೋತ್ತಮ ಕರಂಡಕ ಅಂತ ಒಂದು ಏಕಾಂಕ ಸ್ಪರ್ಧೆ ಇದೆ. ಮಹಾರಾಷ್ಟ್ರೀಯ ಕಲೋಪಾಸಕ ಅನ್ನೋ ಸಂಸ್ಥೆ 1963ರಿಂದ ನಡೆಸ್ತಾ ಬಂದಿದೆ. ಮಳೆಗಾಲದಲ್ಲಿ, ಸದಾಶಿವ ಪೇಠೆಯ ಭರತ ನಾಟ್ಯ ಮಂದಿರದಲ್ಲಿ. ಬರೆಯೋದು, ನಿರ್ದೇಶನ, ಅಭಿನಯ, ಲೈಟು, ಸೆಟ್ಟು ಎಲ್ಲಾ ಹುಡುಗರದ್ದೇ. ಮೆಡಿಕಲ್ಲು, ಎಂಜಿನಿಯರಿಂಗು, ಕಾಮರ್ಸು, ಎಲ್ಲಾ ಕಾಲೇಜಿನವರೂ ಬರ್ತಾರೆ. ನಾಟಕಕ್ಕೆ ಮುಂಚೆ ಥಿಯೇಟರಿನಲ್ಲಿ 'ಆವ್ವಾಜ್ ಕುಣಾಚಾ' ಅಂತ ಕೂಗ್ತಾರೆ, ಸದ್ದು ಯಾರದ್ದು ಅಂತ. ಉತ್ತರವಾಗಿ ಇಡೀ ಗುಂಪು ತನ್ನ ಕಾಲೇಜಿನ ಹೆಸರು ಕೂಗಬೇಕು. ಮೊದಲ ಸಲ ಕೇಳಿದಾಗ ನಾನು ಜಗಳ ಆಗ್ತಿದೆ ಅಂತ ತಿಳ್ಕೊಂಡೆ.

ಪುಣೆ ರಂಗಭೂಮಿಯ ಎಷ್ಟೋ ದೊಡ್ಡ ಹೆಸರುಗಳು ಹೀಗೆ ಬೇರೆ ಏನೋ ಓದ್ತಾ ಓದ್ತಾ ನಾಟಕಕ್ಕೆ ಬಿದ್ದವರದ್ದು. ಜಬ್ಬಾರ್ ಪಟೇಲ್, ಮೋಹನ್ ಆಗಾಶೆ ಇಬ್ಬರೂ ಡಾಕ್ಟರು. 'ಮಹಾನಿರ್ವಾಣ' ಬರೆದ ಸತೀಶ್ ಆಳೇಕರ್ ಓದಿದ್ದು ಜೀವರಸಾಯನ. 1972ರ ಡಿಸೆಂಬರಿನಲ್ಲಿ ವಿಜಯ್ ತೆಂಡೂಲ್ಕರರ 'ಘಾಶೀರಾಮ್ ಕೋತ್ವಾಲ್' ಮೊದಲ ಪ್ರಯೋಗ ಆಗಿದ್ದೂ ಇದೇ ಭರತ ನಾಟ್ಯ ಮಂದಿರದಲ್ಲಿ. ಆ ನಾಟಕದಲ್ಲಿ ಹಿಂದೆ ಸೆಟ್ ಅಂತ ಇರಲಿಲ್ಲ, ಮನುಷ್ಯರದ್ದೇ ಒಂದು ಸಾಲು. ಅದೇ ಪರದೆ, ಅದೇ ಗೋಡೆ. ಸೆಟ್ ಇಲ್ಲದ ನಾಟಕಕ್ಕೆ ಸ್ಟೇಜ್ ಮ್ಯಾನೇಜರ್ ಯಾಕೆ ಅಂತ ನನ್ನನ್ನ ಒಬ್ಬರು ಕೇಳಿದ್ರು. ಮರದ ಗೋಡೆ ಆದ್ರೆ ಹೇಳಿದ ಜಾಗದಲ್ಲೇ ನಿಲ್ಲತ್ತೆ ಸ್ವಾಮಿ. ಅಷ್ಟು ಜನ ಹುಡುಗರ ಗೋಡೆ ಟೈಮಿಗೆ ಸರಿಯಾಗಿ ನಿಲ್ಲಬೇಕಾದ್ರೆ ಹಿಂದೆ ಎರಡು ಕಣ್ಣು ಬೇಕೇ ಬೇಕು. (ನಗು)

ಸ್ಪರ್ಧೆಗೆ ಬರೋಣ. ಅಲ್ಲಿ ಒಂದು ತಂಡ ಇಳಿದ ಮೇಲೆ ಇನ್ನೊಂದು ತಂಡ. ಹಿಂದಿನವರ ಸೆಟ್ ಹೊರಗೆ ಹೋಗಬೇಕು, ನಮ್ಮದು ಒಳಗೆ ಬರಬೇಕು, ಗಡಿಯಾರ ನೋಡ್ತಾ ಒಬ್ಬರು ಕೂತಿರ್ತಾರೆ. ಸ್ಟೇಜ್ ಮ್ಯಾನೇಜ್ಮೆಂಟಿನ ಮೊದಲ ಪಾಠ ನನಗೆ ಆಗಿದ್ದು ಅಲ್ಲಿ. ಮರದ ಲೆವೆಲ್‌ಗಳು, ಫ್ಲ್ಯಾಟ್‌ಗಳು, ಒಂದು ಹಳೇ ಕಪಾಟು, ತುಳಸಿಕಟ್ಟೆ, ಇಷ್ಟನ್ನೂ ಸ್ಟೇಜ್ ಮೇಲೆ ನಿಲ್ಲಿಸಬೇಕು. ಮೊದಲನೇ ದಿನ ನಾವು ಹನ್ನೆರಡು ಜನ ಮಾಡಿದಾಗ 22 ನಿಮಿಷ ಹಿಡೀತು. ಎಲ್ಲರೂ ಹತ್ತಿರ ಇದ್ದದ್ದನ್ನ ಎತ್ತಿಕೊಂಡು ಓಡೋದು. ಬಾಗಿಲಲ್ಲಿ ಕಪಾಟು, ಅದರ ಹಿಂದೆ ಲೆವೆಲ್ಲು, ಮಧ್ಯೆ ನಾನು. ಆಮೇಲೆ ದಾದಾ ಕಾಲೇಜಿನ ಮೈದಾನದಲ್ಲಿ ಸುಣ್ಣದಪುಡಿಯಿಂದ ಸ್ಟೇಜಿನ ಅಳತೆಗೆ ಗೆರೆ ಹಾಕಿಸಿದ. ವಿಂಗ್ ಎಲ್ಲಿ, ಬಾಗಿಲು ಎಲ್ಲಿ, ಟೆಂಪೋ ಎಲ್ಲಿ ನಿಲ್ಲತ್ತೆ, ಎಲ್ಲಾ. ಪ್ರತಿ ಸಾಮಾನಿನ ಬೆನ್ನಿಗೆ ಒಂದು ನಂಬರ್ ಬರೆದ್ವಿ. ಮೊದಲು ಒಳಗೆ ಹೋಗೋದು ಟೆಂಪೋದಲ್ಲಿ ಕೊನೆಗೆ ಏರಬೇಕು, ಇದು ಹೊಳೆಯೋಕೇ ನಮಗೆ ಎರಡು ದಿನ ಬೇಕಾಯ್ತು. ಯಾರು ಯಾವ ನಂಬರ್ ಹಿಡೀಬೇಕು, ಎಡಗಡೆ ಯಾರು, ಬಲಗಡೆ ಯಾರು, ಯಾರು ಹಿಂದೆ ಹಿಂದೆ ನಡೀಬೇಕು. ಮಳೆಯಲ್ಲಿ ನೆನೀತಾ ಸ್ಟಾಪ್‌ವಾಚ್ ಹಿಡ್ಕೊಂಡು ಮಾಡಿದ್ದೇ ಮಾಡಿದ್ದು. 22 ಇದ್ದದ್ದು 14 ಆಯ್ತು, 9 ಆಯ್ತು, ಕೊನೆಗೆ 6ಕ್ಕೆ ಬಂತು. 6 ಆದ ದಿನ ನನಗಾದ ಖುಷಿ ಬಿಕಾಂ ರಿಸಲ್ಟ್ ಬಂದ ದಿನ ಆಗಲಿಲ್ಲ. ರಿಸಲ್ಟ್ ನೋಡಿದವರಿಗೆ ಅದರ ಕಾರಣವೂ ಗೊತ್ತು. (ನಗು)

ಕೆಲಸ ಅಂದ್ರೆ ನಿಜವಾಗಿ ಏನು ಅಂತ ಹೊಸಬರು ಕೇಳ್ತಾರೆ. ಒಂದು ಪುಸ್ತಕದಿಂದ ಶುರುವಾಗತ್ತೆ. ಪ್ರಾಂಪ್ಟ್ ಬುಕ್ ಅಂತಾರೆ. ನಾಟಕದ ಸ್ಕ್ರಿಪ್ಟನ್ನ ಒಂದು ಕಡೆ ಮಾತ್ರ ಪ್ರಿಂಟ್ ಹಾಕಿಸಿ ದೊಡ್ಡ ಫೈಲಿಗೆ ಸೇರಿಸ್ತೀವಿ. ಬಲಗಡೆ ಮಾತು, ಎಡಗಡೆ ಖಾಲಿ ಹಾಳೆ. ತಾಲೀಮಿನಲ್ಲಿ ಯಾರು ಎಲ್ಲಿಂದ ಬಂದ್ರು, ಎಲ್ಲಿ ನಿಂತ್ರು, ಕೈಯಲ್ಲಿ ಏನಿತ್ತು ಎಲ್ಲಾ ಆ ಖಾಲಿ ಹಾಳೆಗೆ. ಪೆನ್ಸಿಲ್ಲಲ್ಲೇ ಬರೀಬೇಕು, ಯಾಕಂದ್ರೆ ನಿರ್ದೇಶಕರು ನಾಳೆ ಬದಲಾಯಿಸ್ತಾರೆ, ನಾಡಿದ್ದು ಬಂದು 'ಮೊದಲು ಇದ್ದದ್ದೇ ಚೆನ್ನಾಗಿತ್ತು, ಏನಿತ್ತು ಅದು?' ಅಂತಾರೆ. ಮೊದಲು ಏನಿತ್ತು ಅನ್ನೋದು ಇಡೀ ತಂಡದಲ್ಲಿ ನೆನಪಿರಬೇಕಾದದ್ದು ಒಬ್ಬರಿಗೇ. ಅಂದಹಾಗೆ ತಾಲೀಮು ಅನ್ನೋ ಪದ ನಮಗೂ ಮರಾಠಿಯವರಿಗೂ ಒಂದೇ. ಆ ಮೊದಲ ತಿಂಗಳುಗಳಲ್ಲಿ ನನಗೆ ಉಚ್ಚಾರ ತಪ್ಪದೇ ಬರ್ತಿದ್ದ ಕೆಲವೇ ಪದಗಳಲ್ಲಿ ಅದೂ ಒಂದು.

ಆಮೇಲೆ ಕ್ಯೂ. ಬೆಳಕು ಬದಲಾಗೋದು, ಸಂಗೀತ ಬರೋದು, ಪರದೆ ಬೀಳೋದು, ಪ್ರತಿಯೊಂದಕ್ಕೂ ಒಂದು ನಂಬರ್. ಅದು ಯಾವ ಮಾತಿಗೆ, ಮಾತಿನ ಯಾವ ಅಕ್ಷರಕ್ಕೆ ಅಂತ ಗೆರೆ ಎಳೆದಿರ್ತೀವಿ. ಪ್ರಯೋಗದ ದಿನ ಅರ್ಧ ಪುಟ ಮೊದಲೇ 'ಲೈಟ್ 14, ಸ್ಟ್ಯಾಂಡ್‌ಬೈ' ಅನ್ನಬೇಕು. ಲೈಟಿನವನು 'ಸ್ಟ್ಯಾಂಡ್‌ಬೈ' ಅಂತ ತಿರುಗಿ ಹೇಳಬೇಕು. ಆ ಅಕ್ಷರ ಬಂದಾಗ 'ಲೈಟ್ 14, ಗೋ'. ಈ 'ಗೋ' ಇದೆಯಲ್ಲ, ಅದನ್ನ ಆ ಹೊತ್ತಿನಲ್ಲಿ ಬೇರೆ ಯಾವುದಕ್ಕೂ ಬಳಸೋ ಹಾಗಿಲ್ಲ. ಲೆಟ್ಸ್ ಗೋ ಅಂತ ತಮಾಷೆಗೆ ಅಂದ್ರೂ ಯಾರದೋ ಬೆರಳು ಗುಂಡಿ ಒತ್ತಿಬಿಡತ್ತೆ.

ನಮಗೆ ಹೆಡ್‌ಸೆಟ್ ಎಲ್ಲಿಂದ ಬರಬೇಕು? ವಿಂಗಿನಿಂದ ಲೈಟ್ ರೂಮಿಗೆ ಮೊಬೈಲಲ್ಲಿ ಕಾಲ್ ಹಚ್ಚಿ, ಇಯರ್‌ಫೋನ್ ಕಿವಿಗಿಟ್ಟು, ನಾಟಕ ಮುಗಿಯೋವರೆಗೂ ಕಾಲ್ ಕಟ್ ಮಾಡದೇ ಇಟ್ಕೊಳ್ತಿದ್ವಿ. ಒಂದು ಪ್ರಯೋಗದಲ್ಲಿ ನಾಯಕಿ ಸಾಯೋ ದೃಶ್ಯ. ಬೆಳಕು ನಿಧಾನಕ್ಕೆ ಇಳೀಬೇಕು. ನಾನು 'ಸ್ಟ್ಯಾಂಡ್‌ಬೈ' ಅಂದೆ, ಅಷ್ಟರಲ್ಲಿ ಕಿವಿಯಲ್ಲಿ ಪೀಂ ಪೀಂ. ಧಾರವಾಡದಿಂದ ಅವ್ವ. ಕಟ್ ಮಾಡೋಕೆ ಹೋಗಿ ಬೇರೆ ಗುಂಡಿ ಒತ್ತಿದೆ. ಕಿವಿಯಲ್ಲಿ 'ಊಟ ಆತೇನವಾ?' ಅಂತ. ನಾಯಕಿ ಸತ್ತು ಬಿದ್ದಿದಾಳೆ, ಬೆಳಕು ಇಳೀತಾ ಇಲ್ಲ, ಅವಳು ಉಸಿರು ಬಿಗಿಹಿಡಿದು ಒಂದು ಕಣ್ಣು ತೆಗೆದು ವಿಂಗಿನ ಕಡೆ ನೋಡ್ತಿದಾಳೆ. (ಜೋರು ನಗು) ಅವತ್ತಿಂದ ಎರಡು ನಿಯಮ. ಕಾಲ್ ಫಾರ್ವರ್ಡ್ ಹಾಕಿದ ಬೇರೆ ಫೋನ್, ಮತ್ತೆ ಲೈಟ್ ರೂಮಿನಲ್ಲಿ ಒಂದು ಸಣ್ಣ ಬಲ್ಬು. ಅದರ ಸ್ವಿಚ್ಚು ನನ್ನ ಕೈಯಲ್ಲಿ. ಬಲ್ಬ್ ಹತ್ತಿದ್ರೆ ಸ್ಟ್ಯಾಂಡ್‌ಬೈ, ಆರಿದ್ರೆ ಗೋ. ವಿದೇಶದ ಥಿಯೇಟರುಗಳಲ್ಲಿ ಇದಕ್ಕೆ ಕ್ಯೂ ಲೈಟ್ ಅಂತಾರೆ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ನಾವು ಅದನ್ನ ಐವತ್ತು ರೂಪಾಯಿಯಲ್ಲಿ ಮಾಡಿದ್ವಿ.

ಇದು ನಗಿಸೋ ಕತೆ. ಇನ್ನೊಂದು ಇದೆ. ಅದನ್ನ ಹೇಳಬೇಕು ಅಂತಲೇ ಇವತ್ತು ಇಲ್ಲಿಗೆ ಬಂದಿದ್ದು, ಆದ್ರೆ ಹೇಳೋಕೆ ಈಗಲೂ ಕಷ್ಟ ಆಗ್ತದೆ.

ಎರಡನೇ ವರ್ಷ. ಅಷ್ಟೊತ್ತಿಗೆ ನಾನೇ ಬ್ಯಾಕ್‌ಸ್ಟೇಜಿನ ಮುಖ್ಯಸ್ಥೆ. ಸೆಟ್ಟಿನಲ್ಲಿ ಹಳೇ ವಾಡೆಯ ಮೆಟ್ಟಿಲು ಇತ್ತು, ಒಂದರ ಪಕ್ಕ ಒಂದು ಇಟ್ಟ ಮೂರು ಲೆವೆಲ್. ಇಂಥ ಲೆವೆಲ್‌ಗಳನ್ನ ಕಾಲಿಗೆ ಕಾಲು ಸೇರಿಸಿ ಹಗ್ಗದಲ್ಲಿ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ರೆ ಮೇಲೆ ಹತ್ತಿ ಇಳಿದ ಹಾಗೆ ಮಧ್ಯೆ ಸಂದು ಬಿಡತ್ತೆ. ಪ್ರಯೋಗಕ್ಕೆ ಎಂಟು ದಿನ ಇದ್ದಾಗ ಒಂದು ಹಾಲ್ ಬಾಡಿಗೆಗೆ ತಗೊಂಡು ಲೈಟಿನ ಜೊತೆ ತಾಲೀಮು ಇಟ್ಕೊಂಡಿದ್ವಿ. ಹಾಲ್ ಸಿಕ್ಕಿದ್ದು ತಡವಾಗಿ. ಎಲ್ಲರೂ ಅವಸರದಲ್ಲಿ. ದಾದಾ ದೂರದಿಂದ ಕೂಗಿದ, 'ಸೆಟ್ ರೆಡಿ?' ನಾನು ವಿಂಗಿನಲ್ಲಿ ಪ್ರಾಪರ್ಟಿ ಪಟ್ಟಿ ನೋಡ್ತಿದ್ದೆ. ತಲೆ ಎತ್ತಲಿಲ್ಲ. 'ರೆಡಿ' ಅಂದೆ.

ಮೊದಲೆರಡು ಲೆವೆಲ್ ಕಟ್ಟಿತ್ತು. ಮೂರನೇದು ಕಟ್ಟಿರಲಿಲ್ಲ.

ನಾಟಕದ ಮಧ್ಯೆ ಐದಾರು ಸೆಕೆಂಡಿನ ಕತ್ತಲು. ಆ ಕತ್ತಲಲ್ಲಿ ನಾಯಕಿ ಎರಡನೇ ಲೆವೆಲ್‌ನಿಂದ ಮೂರನೇದಕ್ಕೆ ಹತ್ತಿ ನಿಲ್ಲಬೇಕು. ಬೆಳಕು ಬಂದಾಗ ಅವಳು ಮೇಲಿರಲಿಲ್ಲ. ಸಂದಿನಲ್ಲಿ ಕಾಲು ಸಿಕ್ಕಿ ಕೆಳಗೆ ಬಿದ್ದಿದ್ದಳು, ಬಲಗೈ ಮೈ ಕೆಳಗೆ. ಮಣಿಕಟ್ಟು ಮುರಿದಿತ್ತು. ಅವಳದ್ದು ಕೊನೇ ವರ್ಷ. ಮೂರು ವರ್ಷ ಸಣ್ಣ ಸಣ್ಣ ಪಾತ್ರ ಮಾಡಿ, ಆ ವರ್ಷ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತ್ತು.

ದಾದಾ ಸಿಟ್ಟಿನಲ್ಲಿ ಲೈಟಿನ ಹುಡುಗನ ಮೇಲೆ ಹರಿಹಾಯ್ದ. ಕತ್ತಲು ಬೇಗ ಬಂತು, ಅವಳಿಗೆ ಮೆಟ್ಟಿಲು ಕಾಣಲಿಲ್ಲ ಅಂತ. ಆ ಹುಡುಗ ಮೊದಲನೇ ವರ್ಷದವನು. ಲಾತೂರಿನ ಕಡೆಯ ಹಳ್ಳಿಯಿಂದ ಬಂದವನು. ಅವನು ಒಂದು ಮಾತೂ ಎದುರು ಆಡಲಿಲ್ಲ, ತನ್ನದೇ ತಪ್ಪು ಅಂತ ನಂಬಿಬಿಟ್ಟ. ಕತ್ತಲು ಬೇಗ ಬಂದಿರಲಿಲ್ಲ. ನಾನು ಹೇಳಿದ ಅಕ್ಷರಕ್ಕೇ ಬಂದಿತ್ತು. ನನ್ನ ಪುಸ್ತಕದಲ್ಲಿ ಗೆರೆ ಇತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನೊಬ್ಬಳೇ ಹೋಗಿ ಸೆಟ್ ನೋಡಿದೆ. ಮೂರನೇ ಲೆವೆಲ್ಲಿನ ಕಾಲಿನ ಹತ್ತಿರ ಹಗ್ಗ ಸುತ್ತಿ ಇಟ್ಟಿತ್ತು, ಇನ್ನೂ ಬಿಚ್ಚಿರಲೇ ಇಲ್ಲ. ಅದನ್ನ ತಗೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಸುಮ್ಮನಿದ್ದೆ. ಆ ಹುಡುಗ ತಾಲೀಮಿಗೆ ಬರೋದು ಬಿಟ್ಟ. ಊರಿಗೆ ಹೋಗ್ತಿದಾನಂತೆ ಅಂತ ಯಾರೋ ಅಂದ್ರು. ಮೂರನೇ ದಿನ ಬೆಳಿಗ್ಗೆ ಅವನ ಹಾಸ್ಟೆಲ್ ಗೇಟಿಗೆ ಹೋದೆ. ಹೇಳಿದೆ. ಅವನು ನಂಬಲಿಲ್ಲ. ಹಗ್ಗ ತೆಗೆದು ತೋರಿಸಿದೆ. ಅಲ್ಲಿಂದ ದಾದಾನ ಹತ್ತಿರ ಇಬ್ಬರೂ ಹೋದ್ವಿ. ದಾದಾ ಬೈತಾನೆ ಅಂತ ಕಾದೆ. ಬೈಯಲಿಲ್ಲ. 'ಈಗ ಏನು ಮಾಡ್ತೀಯಾ?' ಅಂದ. ಬಿಟ್ಟು ಹೋಗ್ತೀನಿ ಅಂದೆ. 'ಮಗ್ ಲೆವೆಲ್ ಕೋಣ್ ಬಾಂಧಣಾರ್?' ಅಂದ. ಹಾಗಾದ್ರೆ ಲೆವೆಲ್ ಕಟ್ಟೋರು ಯಾರು? ಆಮೇಲೆ ಆ ಹುಡುಗನ ಕಡೆ ತಿರುಗಿ, ತಂಡದ ಎಲ್ಲರ ಎದುರಿಗೆ ತಪ್ಪಾಯ್ತು ಅಂದ. ಆ ಮೂರು ವರ್ಷದಲ್ಲಿ ಅವನು ಹಾಗೆ ಅಂದಿದ್ದು ಅದೊಂದೇ ಸಲ.

ನಾನು ಅವಳ ಮನೆಗೂ ಹೋದೆ. ಅವಳು ಬಾಗಿಲಿಗೆ ಬರಲಿಲ್ಲ. ಅವಳ ತಾಯಿ ನೀರು ಕೊಟ್ಟು, 'ಆಮೇಲೆ ಬಾ ಮಗಾ' ಅನ್ನೋ ಥರ ಏನೋ ಅಂದ್ರು. ಪಾತ್ರವನ್ನ ಬೇರೆ ಹುಡುಗಿ ಮಾಡಿದಳು. ಪ್ರಯೋಗದ ದಿನ ಇವಳು ಪ್ಲಾಸ್ಟರ್ ಹಾಕಿದ ಕೈ ಇಟ್ಕೊಂಡು ಹಿಂದಿನ ಸಾಲಿನಲ್ಲಿ ಕೂತು ನೋಡಿದಳಂತೆ. ನನ್ನ ಜೊತೆ ಮಾತಾಡೋಕೆ ಒಂದು ವರ್ಷದ ಮೇಲಾಯ್ತು. ಈಗ ಮಾತಾಡ್ತೀವಿ. ಆ ಪಾತ್ರದ ಬಗ್ಗೆ ಇಬ್ಬರೂ ಮಾತಾಡಲ್ಲ.

(ಸ್ವಲ್ಪ ಹೊತ್ತು ಮೌನ)

ಅವತ್ತಿಂದ ನಾನು ಯಾರ ಬಾಯಿಂದಲೂ 'ರೆಡಿ' ಅನ್ನೋ ಮಾತು ತಗೊಳ್ಳಲ್ಲ, ನನ್ನ ಬಾಯಿಂದಲೂ. ಪ್ರತಿ ಪ್ರಯೋಗಕ್ಕೆ ಮುಂಚೆ, ಜನ ಒಳಗೆ ಬರೋ ಮೊದಲು, ಸ್ಟೇಜ್ ಪೂರ್ತಿ ನಡೀತೀನಿ. ಲೆವೆಲ್ ಮೇಲೆ ಹತ್ತಿ ಕುಣೀತೀನಿ, ಅಕ್ಷರಶಃ. ಕುರ್ಚಿ ಮೇಲೆ ಕೂತು ನೋಡ್ತೀನಿ. ಬಾಗಿಲು ತೆಗೆದು ಹಾಕ್ತೀನಿ. ಅಂಚುಗಳಿಗೆ ರೇಡಿಯಂ ಟೇಪ್ ಹಚ್ಚಿದೆಯಾ ಅಂತ ದೀಪ ಆರಿಸಿ ನೋಡ್ತೀನಿ, ಕತ್ತಲಲ್ಲಿ ನಟರಿಗೆ ಕಾಣೋದು ಅದೊಂದೇ. ಗುಡಿಸೋದು ನಾನೇ. ಗುಡಿಸುವಾಗ ಮೊಳೆ ಸಿಗ್ತಾವೆ, ಸ್ಕ್ರೂ ಸಿಗ್ತಾವೆ, ಬರಿಗಾಲಲ್ಲಿ ಆಡೋ ನಟರಿಗೆ ಅವು ಏನು ಮಾಡಬಹುದು ಅಂತ ನಿಮಗೆ ಗೊತ್ತು. ಆ ಹಗ್ಗ ಈಗಲೂ ನನ್ನ ಕಿಟ್ಟಿನಲ್ಲಿದೆ. ಬಳಸಲ್ಲ.

ಈ ಕೆಲಸಕ್ಕೆ ಹಳೇ ಹೆಸರು ಒಂದಿದೆ. ಸಂಸ್ಕೃತ ನಾಟಕದ ಸೂತ್ರಧಾರ ನಿಮಗೆ ಗೊತ್ತು, ನಾಟಕದ ಆರಂಭದಲ್ಲಿ ಬಂದು ಮಾತಾಡೋನು. ಆದ್ರೆ ಇವತ್ತಿನ ಮರಾಠಿ ಪೇಪರಿನಲ್ಲಿ ನಾಟಕದ ಜಾಹೀರಾತು ನೋಡಿ, ಲೇಖಕ, ದಿಗ್ದರ್ಶಕ ಆದಮೇಲೆ 'ಸೂತ್ರಧಾರ' ಅಂತ ಒಂದು ಹೆಸರು ಇರ್ತದೆ. ಅವರು ಸ್ಟೇಜ್ ಮೇಲೆ ಬರಲ್ಲ. ತಾರೀಕು, ಥಿಯೇಟರು, ಬಸ್ಸು, ತಂಡ ಎಲ್ಲಾ ಸಂಭಾಳಿಸೋ ವ್ಯವಸ್ಥಾಪಕರು ಅವರು. ದಾರ ಹಿಡಿದವರು ಅಂತ ಅರ್ಥ, ಎಷ್ಟು ಸರಿಯಾಗಿದೆ ನೋಡಿ.

ಮತ್ತೆ, ಇಲ್ಲಿ ಕನ್ನಡದವಳು ಮರಾಠಿ ನಾಟಕದ ಹಿಂದೆ ನಿಂತಿದೀನಿ ಅಂತ ಹೇಳಿದಾಗ ಕೆಲವರಿಗೆ ಆಶ್ಚರ್ಯ. ಆಶ್ಚರ್ಯ ಯಾಕೆ? ಉತ್ತರ ಕನ್ನಡದ ಕರ್ಕಿಯ ಮೇಳ 1842ರಲ್ಲಿ ಸಾಂಗ್ಲಿಗೆ ಬಂದು ಆಡಿತ್ತು. ಅದನ್ನ ನೋಡಿದ ಸಾಂಗ್ಲಿಯ ಅರಸರು ನಮ್ಮ ಭಾಷೆಯಲ್ಲೂ ಇಂಥದ್ದು ಬೇಕು ಅಂದಿದ್ದಕ್ಕೇ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು. ಆಧುನಿಕ ಮರಾಠಿ ರಂಗಭೂಮಿ ಅಲ್ಲಿಂದ ಶುರು ಅಂತ ಅವರೇ ಎಣಿಸ್ತಾರೆ. 1880ರಲ್ಲಿ ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಗಿರೀಶ ಕಾರ್ನಾಡರು 1974-75ರಲ್ಲಿ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ರು. ಹಾಗಾಗಿ ನಾನು ದಾರಿ ಮಾಡಿದವಳಲ್ಲ, ಇದ್ದ ದಾರಿಯಲ್ಲಿ ತಡವಾಗಿ ಸಾಮಾನು ಹೊತ್ಕೊಂಡು ಬಂದವಳು.

ಈಗ, ನಿಮ್ಮಲ್ಲಿ ಯಾರಿಗಾದ್ರೂ ಈ ಕೆಲಸಕ್ಕೆ ಬರಬೇಕು ಅಂತ ಇದ್ರೆ. ಬರ್ತಾ ಇರೋ ಮೇಲ್‌ಗಳಲ್ಲಿ ಹೆಚ್ಚಿನವು ಇದನ್ನೇ ಕೇಳ್ತಾವೆ.

ಸ್ಟೇಜ್ ಮ್ಯಾನೇಜ್ಮೆಂಟ್ ಅಂತಲೇ ಬೋರ್ಡು ಹಾಕಿದ ಡಿಗ್ರಿಗಾಗಿ ಕಾಯ್ತಾ ಕೂರಬೇಡಿ. ಇಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರ ಇದೆ, 1987ರಲ್ಲಿ ಶುರುವಾಗಿದ್ದು, ಆಳೇಕರರು 1996ರಿಂದ 2009ರವರೆಗೆ ಅದರ ಮುಖ್ಯಸ್ಥರಾಗಿದ್ರು. ಅಲ್ಲಿ ನಾಟಕದಲ್ಲಿ ಪದವಿ ಮಾಡಬಹುದು. ದೆಹಲಿಯ ಎನ್‌ಎಸ್‌ಡಿ ಇದೆ. ನಮ್ಮ ಕಡೆ ಹೆಗ್ಗೋಡಿನಲ್ಲಿ 1980ರಿಂದ ನೀನಾಸಮ್ ರಂಗಶಿಕ್ಷಣ ಕೇಂದ್ರ ಇದೆ. ಅಲ್ಲಿಯ ತಿರುಗಾಟದ ತಂಡ 1985ರಿಂದ ಊರೂರು ತಿರುಗ್ತಾ ಇದೆ. ಇವತ್ತು ಕಲ್ಯಾಣಮಂಟಪ, ನಾಳೆ ಶಾಲೆಯ ಮೈದಾನ. ಅಂಥ ತಂಡದಲ್ಲಿ ಕಿರೀಟ ಹಾಕ್ಕೊಳ್ಳೋ ಕೈಯೇ ಪೆಟ್ಟಿಗೆಯನ್ನೂ ಎತ್ತಬೇಕು. ನಟರಾಗಬೇಕು ಅಂತ ಇರೋರಿಗೂ ನಾನು ಅದನ್ನೇ ಹೇಳೋದು, ಒಂದು ವರ್ಷ ಪೆಟ್ಟಿಗೆ ಎತ್ತಿ.

ಆದ್ರೆ ನಿಜ ಹೇಳ್ತೀನಿ, ಹೆಚ್ಚಿನವರು ಬರೋದು ನನ್ನ ಹಾಗೆ ಹಿಂದಿನ ಬಾಗಿಲಿನಿಂದ. ನಿಮ್ಮ ಕಾಲೇಜಿನ ನಾಟಕ ವಿಭಾಗಕ್ಕೆ ಹೋಗಿ 'ನನಗೆ ಪಾರ್ಟ್ ಬೇಡ, ಪ್ರಾಪರ್ಟಿ ನೋಡ್ಕೋತೀನಿ' ಅಂತ ಹೇಳಿ ನೋಡಿ. ಎರಡು ನಿಮಿಷ ಅವರಿಗೆ ನಂಬಿಕೆ ಬರಲ್ಲ. ಆಮೇಲೆ ನಿಮ್ಮನ್ನ ಬಿಡಲ್ಲ. (ನಗು) ಮೊದಲ ವಾರ ಚಹಾ ತರಿಸ್ತಾರೆ. ತನ್ನಿ. ಯಾರಿಗೆ ಸಕ್ಕರೆ ಇಲ್ಲ, ಯಾರು ಚಹಾ ಕುಡಿಯಲ್ಲ, ಯಾರು ಯಾರ ಪಕ್ಕ ಕೂರಲ್ಲ ಅಂತ ಗೊತ್ತಾಗತ್ತೆ. ಅದು ಪ್ರಯೋಗದ ದಿನ ಕೆಲಸಕ್ಕೆ ಬರ್ತದೆ. ಎರಡು ವಾರ ಆದ ಮೇಲೂ ಬರೀ ಚಹಾನೇ ತರಿಸ್ತಾ ಇದ್ರೆ, ಪ್ರಾಂಪ್ಟ್ ಬುಕ್ ನಂಗೆ ಕೊಡಿ ಅಂತ ಕೇಳಿ.

ಥಿಯೇಟರಿನ ಸಿಬ್ಬಂದಿ ಜೊತೆ ಚೆನ್ನಾಗಿರಿ. ಪರದೆ ಎಳೆಯೋ ಮಾವಶಿ, ಕಾಕಾಗಳು ನಿಮ್ಮ ನಿರ್ದೇಶಕರಿಗಿಂತ ಹೆಚ್ಚು ನಾಟಕ ನೋಡಿರ್ತಾರೆ. ಯಾವ ಡಿಮ್ಮರ್ ಕೈ ಕೊಡತ್ತೆ, ಯಾವ ಹಲಗೆ ಕಿರ್ ಅನ್ನತ್ತೆ, ಅವರಿಗೆ ಗೊತ್ತು. ಕೇಳೋದಕ್ಕೆ ಮುಂಚೆ ಹೆಸರು ಕೇಳಿ, ನಮಸ್ಕಾರ ಮಾಡಿ.

ಬ್ಯಾಗಿನಲ್ಲಿ ಏನಿರಬೇಕು ಅಂತ ಕೇಳ್ತಾರೆ. ಟಾರ್ಚು, ಅದರ ಮೂತಿಗೆ ನೀಲಿ ಜಿಲೆಟಿನ್ ಪೇಪರ್. ಕರಿ ಟೇಪು, ಸುತಳಿ, ಸೇಫ್ಟಿ ಪಿನ್ನು ಬೇಕಾದಷ್ಟು, ಸೂಜಿ ದಾರ, ಕತ್ತರಿ, ಸುತ್ತಿಗೆ, ಸೀಮೆಸುಣ್ಣ, ಹೊಸ ಸೆಲ್ಲು, ಬ್ಯಾಂಡೇಜು, ಗ್ಲೂಕೋಸು, ಸ್ಯಾನಿಟರಿ ಪ್ಯಾಡು. ಒಂದು ಪಾಕೀಟು ಪಾರ್ಲೆ ಬಿಸ್ಕತ್ತು. ಹಸಿದ ನಟ ಬಹಳ ಕೆಟ್ಟ ಪ್ರಾಣಿ.

ಹುಡುಗಿಯರಿಗೆ ಒಂದು ಮಾತು ಬೇರೆಯಾಗಿ. ತಾಲೀಮು ರಾತ್ರಿ ಹತ್ತು, ಹನ್ನೊಂದರವರೆಗೂ ನಡೀತದೆ. ಹಾಸ್ಟೆಲ್ ಗೇಟು ಅದಕ್ಕೂ ಮೊದಲೇ ಮುಚ್ಚತ್ತೆ. ನನಗೆ ಚಿಕ್ಕಪ್ಪನ ಮನೆ ಇತ್ತು, ಆದ್ರೂ ಚಿಕ್ಕಮ್ಮನ ಮುಖ ನೋಡೋ ಹಾಗಿರ್ತಿರಲಿಲ್ಲ. ಮೊದಲ ವರ್ಷ ನಾನು ಸುಳ್ಳು ಹೇಳಿದೆ, ಲೈಬ್ರರಿ ಅಂತ. ಲೈಬ್ರರಿಯಲ್ಲಿ ಯಾರಿಗೆ ಬಟ್ಟೆಗೆ ಪೇಂಟು ಹತ್ತತ್ತೆ? ಎರಡನೇ ವರ್ಷ ನಾನೇ ಮುಖ್ಯಸ್ಥೆ ಆದಾಗ ತಾಲೀಮಿನ ಹಾಳೆಯಲ್ಲಿ ಒಂದು ಕಾಲಮ್ ಜಾಸ್ತಿ ಹಾಕಿದೆ: ಯಾರು, ಯಾರ ಜೊತೆ, ಯಾವ ಗಾಡಿಯಲ್ಲಿ ಮನೆಗೆ ಹೋಗ್ತಾರೆ, ಮುಟ್ಟಿದ ಮೇಲೆ ಮೆಸೇಜ್ ಬಂತಾ. ಕೆಲವು ಹುಡುಗರು ಇದು ನಾಟಕಕ್ಕೆ ಸಂಬಂಧ ಇಲ್ಲ ಅಂದ್ರು. ಆ ಕಾಲಮ್ ಬಂದ ಮೇಲೆ ನಮ್ಮ ಬ್ಯಾಕ್‌ಸ್ಟೇಜಿಗೆ ಹೊಸದಾಗಿ ನಾಲ್ಕು ಜನ ಹುಡುಗಿಯರು ಬಂದ್ರು. ಸಂಬಂಧ ಇದೆಯೋ ಇಲ್ಲವೋ ಅವರನ್ನ ಕೇಳಿ.

ದುಡ್ಡಿನ ವಿಷಯ ಮುಚ್ಚಿಡಲ್ಲ. ಅಮೆರಿಕದಲ್ಲಿ ಆಕ್ಟರ್ಸ್ ಈಕ್ವಿಟಿ ಅನ್ನೋ ಯೂನಿಯನ್ ಇದೆ, ನಟರ ಹಾಗೇ ಸ್ಟೇಜ್ ಮ್ಯಾನೇಜರುಗಳೂ ಅದರ ಸದಸ್ಯರು. ನಮಗೆ ಅಂಥದ್ದೇನಿಲ್ಲ. ನಾನು ಇವತ್ತು ಬದುಕ್ತಿರೋದು ಅರ್ಧ ನಾಟಕದಿಂದ, ಅರ್ಧ ಕಂಪನಿಗಳ ಕಾರ್ಯಕ್ರಮ, ಡಾನ್ಸ್ ಪ್ರಯೋಗಗಳಿಂದ. ಅಲ್ಲೂ ಇದೇ ಕೆಲಸ, ಆದ್ರೆ ದುಡ್ಡು ಟೈಮಿಗೆ ಬರತ್ತೆ. ಕೆಲವು ತಿಂಗಳು ಬರಲ್ಲ, ಆಗ ಮನೆಯಲ್ಲಿ ಬಿಕಾಂ ನೆನಪಾಗತ್ತೆ.

ಹೋದ ವರ್ಷ ಇಲ್ಲಿನ ಕನ್ನಡದ ಹವ್ಯಾಸಿಗಳು ಒಂದು ನಾಟಕ ಮಾಡಿದ್ರು. ಎಲ್ಲಾ ಐಟಿಯವರು, ಬ್ಯಾಂಕಿನವರು, ಭಾನುವಾರ ಮಾತ್ರ ತಾಲೀಮು. ನನ್ನನ್ನ ಕರೆದ್ರು. ಲೈಟಿಗೆ ನಾನು ಕರೆದದ್ದು ಲಾತೂರಿನ ಆ ಹುಡುಗನನ್ನ, ಈಗ ಅವನದ್ದು ಅದೇ ವೃತ್ತಿ. ಅವನಿಗೆ ಕನ್ನಡ ಬರಲ್ಲ. ಪ್ರತಿ ಕ್ಯೂ ಯಾವ ಪದಕ್ಕೆ ಅಂತ ನಾನು ದೇವನಾಗರಿಯಲ್ಲಿ ಬರೆದುಕೊಟ್ಟೆ. ಅವನು ಇಡೀ ನಾಟಕದ ಆ 60 ಪದ ಬಾಯಿಪಾಠ ಮಾಡಿದ. 'ಒಲೆ' ಅನ್ನೋ ಪದಕ್ಕೆ ಒಂದು ಕ್ಯೂ ಇತ್ತು, ಅದನ್ನ ಅವನು 'ವಲೇ' ಅಂತಿದ್ದ. ನಾನು ನಗಲಿಲ್ಲ. (ನಗು)

ಧಾರವಾಡದಿಂದ ಅಪ್ಪ, ಅವ್ವ ಬಂದಿದ್ರು, ಮೊದಲ ಸಲ. ಪ್ರಯೋಗಕ್ಕೆ ಮುಂಚೆ ಅಪ್ಪನನ್ನ ಒಳಗೆ ವಿಂಗಿನ ಹತ್ತಿರ ಕರ್ಕೊಂಡು ಹೋದೆ. ನಾನು ಲೆವೆಲ್ ಮೇಲೆ ಹತ್ತಿ ಕುಣೀತಾ ಇರೋದನ್ನ ಅವರು ನೋಡ್ತಾ ನಿಂತಿದ್ರು. ಆಮೇಲೆ ಬಗ್ಗಿ ಹಗ್ಗದ ಗಂಟನ್ನ ಕೈಯಿಂದ ಎಳೆದು ನೋಡಿದ್ರು. 'ಗಟ್ಟಿ ಐತಿ' ಅಂದ್ರು. ನಾನು ಗಡಿಯಾರ ನೋಡಿದೆ, 'ಅಪ್ಪಾ, ನೀವಿನ್ನ ಹೊರಗ ಹೋಗ್ರಿ' ಅಂದೆ, ಅವರು ಹೋಗಿ ಸೀಟಲ್ಲಿ ಕೂತ ಮೇಲೆ ಮೂರನೇ ಗಂಟೆ ಹೊಡೆಸಿದೆ.

ಅಲ್ಲಿ ಹಿಂದೆ ನಿಂತಿರೋ ಹುಡುಗಿ ನಂಗೆ ಎರಡು ಬೆರಳು ತೋರಿಸ್ತಾ ಇದಾಳೆ, ಎರಡು ನಿಮಿಷ ಉಳಿದಿದೆ ಅಂತ. ಅವಳ ಮಾತು ಮೀರೋ ಧೈರ್ಯ ನನಗಿಲ್ಲ. ಪ್ರಶ್ನೆ ಇದ್ರೆ ಕೇಳಿ.